ಕಮಲಾಕ್ಷನ ಮೌತ್‌ಪೀಸನ್ನು ಯಾರೂ ಬಾಯಿಗಿಡಲಿಲ್ಲ

ಪಾಣೆಮಂಗಳೂರು ಪೇಟೆಯಲ್ಲಿ ಚೌತಿಯ ಮೆರವಣಿಗೆ ಹೊಳೆಯ ಕಡೆಗೆ ತಿರುಗುವ ಜಾಗದಲ್ಲಿ ಕಮಲಾಕ್ಷ ಟ್ರಂಪೆಟ್ಟನ್ನು ಎತ್ತಿ ತುಟಿಗಿಟ್ಟ. ಅವನು ಎತ್ತಿದನೆಂದರೆ ಹಿಂದಿನ ಸಾಲಿನ ಡೋಲು, ತಾಸೆ ಒಂದು ಗಳಿಗೆ ತಗ್ಗಬೇಕು. ಅದು ಧರ್ಣಪ್ಪನ ಬ್ಯಾಂಡಿನ ಕ್ರಮ. ತಗ್ಗಿತು. ಅಂಗಡಿ ಜಗಲಿಯಲ್ಲಿ ನಿಂತವರು ಮೊಬೈಲ್ ಎತ್ತಿ ಹಿಡಿದರು. ಕಮಲಾಕ್ಷ ಕಣ್ಣು ಮುಚ್ಚಿ ಊದಿದ.

ಬಂದದ್ದನ್ನು ಸ್ವರ ಎನ್ನಲಿಕ್ಕಾಗದು. ಕಂಬಳಿ ಹೊದ್ದು ಮಲಗಿದವನು ಒಳಗಿನಿಂದಲೇ ಯಾರನ್ನೋ ಕರೆದ ಹಾಗಿತ್ತು. ಅವನು ಬೆಚ್ಚಿ ಕಣ್ಣು ಬಿಟ್ಟ. ಮತ್ತೊಮ್ಮೆ ಊದಿದ. ಗಾಳಿ ಮುಂದೆ ಹೋಗಲಿಲ್ಲ. ತಡೆದು ಹಿಂದೆ ಬಂದು ಕೆನ್ನೆಯೊಳಗೆ ತುಂಬಿಕೊಂಡಿತು, ಕಿವಿ ಗುಂಯ್ ಎಂದಿತು. ಹಾಡಿನ ಎರಡನೇ ಸಾಲಿಗೆ ಮೇಲಿನ ಸ್ವರ ಹಿಡಿಯಬೇಕಿತ್ತು. ಅಲ್ಲಿಗೆ ಹೋಗುವಾಗ ಸ್ವರ ಚಿರ್ರೆಂದು ಹರಿದು ನಿಂತೇ ಹೋಯಿತು.

"ಕಮಲಾಕ್ಷಣ್ಣ, ಗಣಪತಿ ಇನ್ನೂ ಮುಳುಗಲಿಲ್ಲ, ನಿಮ್ಮ ಸ್ವರ ಆಗಲೇ ಮುಳುಗಿತಲ್ಲ ಮಾರಾಯ್ರೆ!" ಜಗಲಿಯಿಂದ ಯಾರೋ ಕೂಗಿದರು. ಮೊಬೈಲ್ ಹಿಡಿದವರೆಲ್ಲ ನಕ್ಕರು.

ಪಕ್ಕದಲ್ಲಿದ್ದ ಎರಡನೇ ಟ್ರಂಪೆಟ್ಟಿನ ಸುಧಾಕರ ಹಾಡನ್ನು ಎತ್ತಿಕೊಂಡ. ತಾಸೆ ಎದ್ದಿತು, ಮೆರವಣಿಗೆ ಮುಂದೆ ಹೋಯಿತು. ಕಮಲಾಕ್ಷ ಟ್ರಂಪೆಟ್ಟನ್ನು ಬಾಯಿಗೆ ಹಿಡಿದು ಊದುವವನ ಹಾಗೆ ನಟಿಸುತ್ತ ಹೊಳೆಯವರೆಗೂ ನಡೆದ. ಬೆರಳು ಗುಂಡಿ ಒತ್ತುತ್ತಿತ್ತು, ಉಸಿರು ಹೋಗುತ್ತಿರಲಿಲ್ಲ. ಇಪ್ಪತ್ತು ವರ್ಷದಿಂದ ಊರಿಗೆಲ್ಲ ಊದಿದವನು ಆ ದಿನ ಮೂಗನ ವೇಷ ಹಾಕಿದ. ಆ ಕ್ಷಣದ ವೀಡಿಯೋ ಸಂಜೆಯಾಗುವ ಮೊದಲೇ ಬಂಟ್ವಾಳದ ಅರ್ಧ ಜನರ ವಾಟ್ಸಾಪ್ ಸ್ಟೇಟಸ್ಸಿನಲ್ಲಿತ್ತು, ನಗುವ ಗೊಂಬೆಗಳ ಸಮೇತ.

ಕಮಲಾಕ್ಷ ದೊಡ್ಡ ಮನುಷ್ಯನೇನೂ ಅಲ್ಲ. ಬೇಸಗೆಯಲ್ಲಿ ಮನೆಗಳಿಗೆ ಪೇಂಟ್ ಹೊಡೆಯುತ್ತಾನೆ, ಮದುವೆ ಸೀಸನಿನಲ್ಲಿ ಬ್ಯಾಂಡಿಗೆ ಹೋಗುತ್ತಾನೆ, ಮಳೆಗಾಲದಲ್ಲಿ ಹೆಂಡತಿ ಅಮ್ಮಣ್ಣಿಯ ಜೊತೆ ಕೂತು ಬೀಡಿಯ ಎಲೆ ಕತ್ತರಿಸುತ್ತಾನೆ. ಊದಲು ಕಲಿಸಿದವನು ಲಾಯಿಲದ ಡೊಂಬಯ್ಯ. ಒಂದು ಕಾಲದಲ್ಲಿ ಧರ್ಣಪ್ಪನ ಬ್ಯಾಂಡಿನ ಮೊದಲ ಟ್ರಂಪೆಟ್ಟು ಅವನದೇ. ಡೊಂಬಯ್ಯ ಕಲಿಸಿದ ಪಾಠ ಒಂದೇ: "ಸ್ವರ ಎದೆಯಲ್ಲಿ ಉಂಟು. ಪಿತ್ತಾಳೆಯಲ್ಲಿ ಎಂತದೂ ಇಲ್ಲ." ಬ್ಯಾಂಡಿನಲ್ಲಿ ಎಲ್ಲರೂ ಅದನ್ನೇ ನಂಬಿದರು. ಒಬ್ಬನ ಸ್ವರ ಚೆನ್ನಾಗಿದ್ದರೆ ಅವನ ಎದೆ ಗಟ್ಟಿ, ಕೆಟ್ಟರೆ ಅವನ ಎದೆ ಕೆಟ್ಟಿತು. ನಡುವೆ ಬೇರೆ ಕಾರಣವೇ ಇಲ್ಲ.

ನಡುವೆ ಒಂದು ವಸ್ತು ಇತ್ತು. ಹೆಬ್ಬೆರಳಿನಷ್ಟು ಉದ್ದದ ಮೌತ್‌ಪೀಸು. ತುಟಿಯನ್ನು ಮುಟ್ಟುವ ದುಂಡು ಅಂಚು, ಅದರ ಒಳಗೆ ಪುಟ್ಟ ಬಟ್ಟಲು, ಬಟ್ಟಲಿನ ತಳದಲ್ಲಿ ಒಂದು ತೂತು, ತೂತಿನ ಆಚೆ ಟ್ರಂಪೆಟ್ಟಿನೊಳಗೆ ಹೋಗುವ ಬಾಲ. ಕಮಲಾಕ್ಷನದಕ್ಕೆ ಅಂಚು ಅಗಲ, ಬಟ್ಟಲು ಆಳ. ಅಗಲ ಅಂಚು ತುಟಿಯ ಭಾರವನ್ನು ಹಂಚಿಕೊಳ್ಳುತ್ತಿತ್ತು. ಹಾಗಾಗಿ ಪಾಣೆಮಂಗಳೂರಿನಿಂದ ಬಿ.ಸಿ. ರೋಡಿನವರೆಗೆ ಊದುತ್ತ ನಡೆದರೂ ತುಟಿ ಸೋಲುತ್ತಿರಲಿಲ್ಲ. ಆಳದ ಬಟ್ಟಲಿನೊಳಗೆ ಗಾಳಿ ಒಮ್ಮೆ ಸುತ್ತಿ ಹೊರಡುತ್ತಿದ್ದುದರಿಂದ ಸ್ವರ ಹಣ್ಣಾಗಿ ಬರುತ್ತಿತ್ತು. ಸುಧಾಕರನದು ತೆಳು ಅಂಚು, ಆಳವಿಲ್ಲದ ಬಟ್ಟಲು. ಅವನ ಸ್ವರ ಸೂಜಿಯ ಹಾಗೆ ಚುಚ್ಚುತ್ತಿತ್ತು, ಎರಡು ಹಾಡು ಮುಗಿಯುವಷ್ಟರಲ್ಲಿ ತುಟಿಯ ಮೇಲೆ ಕೆಂಪು ಉಂಗುರ ಬೀಳುತ್ತಿತ್ತು. ಆದರೆ ಊರಿನವರು ಕೊಡುವ ಕಾರಣ ಬೇರೆ. ಕಮಲಾಕ್ಷ ಪಾಪದವ, ಅದಕ್ಕೇ ಸ್ವರ ಸಿಹಿ. ಸುಧಾಕರನ ನಾಲಗೆ ಚೂಪು, ಅದಕ್ಕೇ ಸ್ವರವೂ ಚೂಪು. ಮನುಷ್ಯನಿಗೆ ಸರ್ಟಿಫಿಕೇಟ್ ಕೊಡುವುದರಲ್ಲಿ ಇರುವ ಉತ್ಸಾಹ ವಸ್ತುವನ್ನು ತಿರುಗಿಸಿ ನೋಡುವುದರಲ್ಲಿ ನಮ್ಮ ಜನಕ್ಕೆ ಇಲ್ಲ.

ಚೌತಿಯ ಮೊದಲು ಏನು ನಡೆದಿತ್ತೆಂದು ಹೇಳಬೇಕು. ಮುಚ್ಚಿಡುವ ಗುಟ್ಟೇನಲ್ಲ. ಎಲ್ಲರ ಕಣ್ಣೆದುರೇ ನಡೆದದ್ದು.

ಮಳೆಗಾಲದಲ್ಲಿ ಬ್ಯಾಂಡಿಗೆ ಕೆಲಸವಿಲ್ಲ. ಟ್ರಂಪೆಟ್ಟು ಹಳೆಯ ತಲೆದಿಂಬಿನ ಚೀಲದೊಳಗೆ ಸೇರಿ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಆಟಿ ತಿಂಗಳಲ್ಲಿ ಕಮಲಾಕ್ಷನಿಗೆ ಡೆಂಗಿ ಬಂತು. ಮಲಗಿದವನು ಏಳುವಾಗ ಅರ್ಧ ಇಳಿದಿದ್ದ. ಅದಕ್ಕಿಂತಲೂ ಮೊದಲಿನಿಂದ ಅವನ ತುಟಿಯ ಒಂದು ಬದಿಯಲ್ಲಿ ವಾಸಿಯಾಗದ ಹುಣ್ಣೊಂದು ಇತ್ತು. ಮೌತ್‌ಪೀಸಿನ ಮೇಲಿನ ಬೆಳ್ಳಿಯ ಹೊಳಪು ಅಂಚಿನಲ್ಲಿ ಸವೆದು ಒಳಗಿನ ಪಿತ್ತಾಳೆ ಕಾಣುತ್ತಿತ್ತು. ಮಳೆಯ ತೇವಕ್ಕೆ ಅದರ ಮೇಲೆ ಹಸಿರು ಕಿಲುಬು ಕಟ್ಟಿತ್ತು.

ಅಂಥ ಒಂದು ದಿನ ಮಳೆ ಬಿಟ್ಟ ಹೊತ್ತಿಗೆ ಕಲಾಯಿಯವನು ಬಂದ. ಈಗ ಕಲಾಯಿಯವರು ಬರುವುದೇ ಅಪರೂಪ. ಅಮ್ಮಣ್ಣಿ ಅಟ್ಟದಿಂದ ಅತ್ತೆಯ ಕಾಲದ ಚೆರಿಗೆ, ಬೋಗುಣಿ ಎಲ್ಲ ಇಳಿಸಿ ಅಂಗಳಕ್ಕೆ ತಂದಳು. ಆಮೇಲೆ ಒಳಗೆ ಹೋಗಿ ಮೌತ್‌ಪೀಸನ್ನೂ ತಂದಳು.

"ಇದಕ್ಕೂ ಹಾಕಿಸ್ತೇನೆ. ಕಿಲುಬು ಹಿಡಿದ ಪಾತ್ರೆಯಲ್ಲಿ ಹುಳಿ ಮಾಡಿದ್ರೆ ಸಾಯ್ತಾರೆ, ನೀವು ಇದನ್ನು ಬಾಯಿಗೇ ಇಟ್ಟು ಚೀಪುವುದು!"

ಜಗಲಿಯ ಚಾಪೆಯಲ್ಲಿ ಮಲಗಿದ್ದ ಕಮಲಾಕ್ಷ ತಲೆಯೆತ್ತಿ ನೋಡಿದ. "ಹಾಕಿಸು. ಒಳ್ಳೆಯದೇ" ಎಂದ.

ಪಿತ್ತಾಳೆ ಪಾತ್ರೆಯ ಮನೆಯಲ್ಲಿ ಹುಟ್ಟಿ ಬೆಳೆದವರು ಬೇರೆ ಏನು ಹೇಳಿಯಾರು? ಬಾಯಿಗೆ ಸೇರುವ ಪಿತ್ತಾಳೆಗೆ ಕಲಾಯಿ ಬೇಕು, ಅಷ್ಟೇ ಲೆಕ್ಕ. ಕಲಾಯಿಯವನೂ ನಗಲಿಲ್ಲ, ಕೇಳಲಿಲ್ಲ. ಇಕ್ಕಳದಲ್ಲಿ ಹಿಡಿದು ಕಾಯಿಸಿದ, ನವಸಾಗರ ಉದುರಿಸಿದ, ತವರದ ಕಡ್ಡಿ ಮುಟ್ಟಿಸಿದ. ಚೆರಿಗೆಯಾದರೆ ಕೈ ಒಳಗೆ ಹಾಕಿ ಹತ್ತಿಯಿಂದ ಒರೆಸುತ್ತಾರೆ, ಕರಗಿದ ತವರ ತೆಳ್ಳಗೆ ಹರಡುತ್ತದೆ. ಮೌತ್‌ಪೀಸಿನ ತೂತಿಗೆ ಯಾವ ಕೈ ಹೋಗುತ್ತದೆ? ಬಟ್ಟಲು ಬೆಳ್ಳಗೆ ಮಿನುಗಿತು, ಅಂಚು ಮಿನುಗಿತು. ಒಳಗೆ ಇಳಿದ ತವರ ತೂತಿನ ಕುತ್ತಿಗೆಯಲ್ಲಿ ಕೂತು ಅಲ್ಲೇ ಗಟ್ಟಿಯಾಯಿತು. ಅಮ್ಮಣ್ಣಿ ಬೆಳಕಿಗೆ ಹಿಡಿದು ನೋಡಿದಳು. ತೂತು ಉಂಟು, ಬೆಳಕು ಕಾಣುತ್ತದೆ. "ಹೊಸದರ ಹಾಗಾಯ್ತು" ಎಂದು ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿದಳು. ಆ ಕೆಲಸದಲ್ಲಿ ಪ್ರೀತಿಯ ಹೊರತು ಬೇರೇನೂ ಇರಲಿಲ್ಲ.

ಚೌತಿಯ ಮುಂಚಿನ ಅಭ್ಯಾಸದಲ್ಲಿ ಊದುವಾಗ ಗಾಳಿ ಬಿಗಿ ಅನಿಸಿತು. ಜ್ವರದ ನಿಶ್ಶಕ್ತಿ ಎಂದುಕೊಂಡ ಕಮಲಾಕ್ಷ. ಡೋಲಿನ ಗದ್ದಲದಲ್ಲಿ ಬೇರೆಯವರಿಗೂ ತಿಳಿಯಲಿಲ್ಲ. ಮೆರವಣಿಗೆಯ ದಿನ ಎಲ್ಲ ಸರಿಯಾಗುತ್ತದೆ ಎಂದುಕೊಂಡು ಹೋದವನಿಗೆ ಹೊಳೆಬದಿಯಲ್ಲಿ ಆದ ಗತಿ ಮೊದಲೇ ಹೇಳಿದ್ದಾಯಿತು.

ಆಮೇಲೆ ಶುರುವಾಯಿತು ತೀರ್ಪುಗಳ ಮಳೆ. ಡೆಂಗಿ ಬಂದರೆ ಶ್ವಾಸಕೋಶ ಕುಗ್ಗುತ್ತದೆ ಎಂದ ಒಬ್ಬ. ಕುಡಿತ ಎಂದ ಇನ್ನೊಬ್ಬ, ಕಮಲಾಕ್ಷ ಕುಡಿದದ್ದನ್ನು ಜನ್ಮದಲ್ಲಿ ನೋಡದವನು. ಸಣ್ಣ ಲಕ್ವ ಹೊಡೆದಿರಬೇಕು, ಕನ್ನಡಿ ನೋಡಿ ಬಾಯಿ ಸೊಟ್ಟ ಉಂಟಾ ಎಂದು ನೋಡಿಕೊಳ್ಳಿ ಎಂದಳು ಪಕ್ಕದ ಮನೆಯವಳು. ಆ ಮಾತು ಕೇಳಿದ ಮೇಲೆ ಕಮಲಾಕ್ಷ ದಿನಕ್ಕೆ ಎಷ್ಟು ಸಲ ಕನ್ನಡಿಯ ಎದುರು ನಿಂತು ಹಲ್ಲು ಕಿರಿದನೋ! ನೋಡುತ್ತ ನೋಡುತ್ತ ಬಾಯಿ ನಿಜವಾಗಿಯೂ ಸೊಟ್ಟಗೆ ಕಾಣತೊಡಗಿತು. ಬಂಟ್ವಾಳದ ಡಾಕ್ಟರು ಎದೆಗೆ ಸ್ಟೆತೊಸ್ಕೋಪ್ ಇಟ್ಟರು, ಎಕ್ಸ್‌ರೇ ತೆಗೆಸಿದರು, ಬಲೂನು ಊದಲು ಹೇಳಿದರು. ಬಲೂನು ಒಡೆಯುವಷ್ಟು ದೊಡ್ಡದಾಯಿತು.

"ಎಂತದೂ ಇಲ್ಲ ನಿಮಗೆ" ಎಂದರು.

"ಮತ್ತೆ ಸ್ವರ?"

"ಮನಸ್ಸಿನದ್ದು ಇರಬೇಕು. ಟೆನ್ಷನ್ ಮಾಡ್ಬೇಡಿ."

ಎದೆ ಆಯಿತು, ತುಟಿ ಆಯಿತು, ಈಗ ಮನಸ್ಸು. ಮನುಷ್ಯನ ಒಂದೊಂದೇ ಅಂಗವನ್ನು ಕಟಕಟೆಗೆ ತಂದು ನಿಲ್ಲಿಸಿದರು. ಬೆಳ್ಳಗೆ ಹೊಳೆಯುತ್ತ ಅವನ ಅಂಗಿಯ ಕಿಸೆಯಲ್ಲಿ ಕೂತಿದ್ದ ಮೌತ್‌ಪೀಸನ್ನು ಮಾತ್ರ ಯಾರೂ ಕರೆಯಲಿಲ್ಲ.

ಬ್ಯಾಂಡಿನಲ್ಲಿ ಒಬ್ಬನೇ ಒಬ್ಬ ಅದನ್ನು ತನ್ನ ತುಟಿಗಿಟ್ಟು ಒಂದು ಉಸಿರು ಊದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅದು ಎಂಜಲು. ಧರ್ಣಪ್ಪನ ಬ್ಯಾಂಡಿನ ಗಂಡಸರು ಒಂದೇ ಟೆಂಪೋದಲ್ಲಿ ಒಬ್ಬರ ತೊಡೆಯ ಮೇಲೆ ಒಬ್ಬರು ಕೂತು ಹೋಗುತ್ತಾರೆ, ಒಂದೇ ಬೀಡಿ ಕಟ್ಟಿನಿಂದ ಸೇದುತ್ತಾರೆ. ನೀರಿನ ಬಾಟ್ಲಿ ಮಾತ್ರ ಕೈಯಿಂದ ಕೈಗೆ ದಾಟಿದರೂ ತುಟಿಗೆ ತಾಗುವುದಿಲ್ಲ. ತಲೆ ಹಿಂದಕ್ಕೆ ಬಾಗಿಸಿ ಗಂಟಲಿಗೆ ಎತ್ತಿ ಸುರಿದುಕೊಳ್ಳುತ್ತಾರೆ. ಅದರಲ್ಲಿ ಯಾವ ಜಾತಿಯವನ ತುಟಿ ಯಾವುದು ಎಂಬ ಲೆಕ್ಕ ಬಾಯಿಬಿಟ್ಟು ಹೇಳದಿದ್ದರೂ ಉಂಟು. ಮದುವೆಮನೆಯವರಿಗೂ ಹಾಗೆಯೇ. ಆ ಬಾಯಿಯಿಂದ ಬರುವ ಹಾಡು ದೇವರ ಎದುರಿಗೂ ಬೇಕು, ಆ ಬಾಯಿ ಮುಟ್ಟಿದ ಲೋಟ ಬೇರೆ ಮೂಲೆಯಲ್ಲಿ ಕವುಚಿರಬೇಕು. ನಾಚಿಕೆ ಎಂಬುದು ಎಲ್ಲಿ ಸತ್ತಿದೆಯೋ!

ದೀಪಾವಳಿ ಕಳೆದ ಮೇಲೆ ಧರ್ಣಪ್ಪ ಮನೆಗೇ ಬಂದ. ಕೆಟ್ಟವನಲ್ಲ. ಚಹಾ ಕುಡಿದು ಬಹಳ ಹೊತ್ತು ಅಂಗಳ ನೋಡಿದ.

"ಬೇಸರ ಮಾಡ್ಬೇಡ ಮಾರಾಯ. ಈ ಸೀಸನಿಗೆ ನೀನು ತಾಳ ಹಿಡಿ. ಮುಂದಿನ ಸಾಲು ಸುಧಾಕರ ನೋಡ್ಕೊಳ್ತಾನೆ."

"ಧರ್ಣಪ್ಪಣ್ಣ, ಎರಡು ವಾರ ಕೊಡಿ. ಬರ್ತದೆ."

"ಬಂದ್ರೆ ಬರ್ಲಿ. ನಾನು ಬೇಡ ಅಂತೇನಾ? ಆದ್ರೆ ಜನ ವೀಡಿಯೋ ಮಾಡ್ತಾರೆ. ಈಗಲೇ ಡಿಜೆಯವರು ನಮ್ಮ ಅನ್ನ ಕಸಿಯುವುದು, ಇನ್ನು ನಾವೇ ನಗೆಪಾಟಲಾದ್ರೆ ಹೇಗೆ?"

ಅವನು ಹೋದ ಮೇಲೆ ಅಮ್ಮಣ್ಣಿ ಬೀಡಿಯ ಮೊರವನ್ನು ಪಕ್ಕಕ್ಕಿಟ್ಟಳು. "ನಾಳೆ ಮಂಗಳೂರಿನ ದೊಡ್ಡ ಡಾಕ್ಟರ ಹತ್ರ ಹೋಗುವ."

"ಎಂತಕ್ಕೆ? ಇನ್ನೊಬ್ಬರಿಂದ ಎಂತದೂ ಇಲ್ಲ ಅಂತ ಹೇಳಿಸ್ಲಿಕ್ಕಾ?"

ಟ್ರಂಪೆಟ್ಟು ಮಾರುವುದೆಂದು ಅವನು ಆ ದಿನವೇ ತೀರ್ಮಾನಿಸಿದ. ಸುಧಾಕರನ ಟ್ರಂಪೆಟ್ಟಿನ ಗುಂಡಿಗಳು ಸವೆದು ಗಾಳಿ ಬಿಡುತ್ತಿದ್ದವು, ಕೊಳ್ಳುವವನು ಅವನೇ. ಬಂದವನು ಮೊದಲು ಕಮಲಾಕ್ಷನ ಮೌತ್‌ಪೀಸನ್ನು ಎರಡು ಬೆರಳಲ್ಲಿ ಕಿತ್ತು ಬೆಂಚಿನ ಮೇಲಿಟ್ಟ. ಬೆರಳನ್ನು ಲುಂಗಿಗೆ ಒರೆಸಿಕೊಂಡ. ತನ್ನದನ್ನು ಕಿಸೆಯಿಂದ ತೆಗೆದು ಸಿಕ್ಕಿಸಿ ಊದಿದ. ಮನೆಯ ಹಂಚು ನಡುಗುವಂಥ ಸ್ವರ!

ಕಮಲಾಕ್ಷನ ಮುಖ ಬಿಳಿಚಿತು. ಒಳಗೊಳಗೆ ಅವನಿಗೆ ಒಂದು ಆಸೆ ಇತ್ತು, ಟ್ರಂಪೆಟ್ಟೇ ಕೆಟ್ಟಿರಬಹುದೆಂದು. ಅದೂ ಹೋಯಿತು. ಪಿತ್ತಾಳೆಯಲ್ಲಿ ದೋಷವಿಲ್ಲ. ಉಳಿದದ್ದು ತಾನೊಬ್ಬನೇ.

"ಬಂಗಾರದಂಥ ಟ್ರಂಪೆಟ್ಟು ಕಮಲಾಕ್ಷಣ್ಣ. ನಿಮ್ಮ ಹತ್ರ ಸುಮ್ಮನೆ ನೇತಾಡುವುದಕ್ಕಿಂತ..." ಎಂದ ಸುಧಾಕರ, ಮಾತು ಅರ್ಧಕ್ಕೇ ನುಂಗಿದ. ಹೊರಡುವಾಗ ಬೆಂಚಿನ ಕಡೆ ಗಲ್ಲ ತೋರಿಸಿದ. "ಅದು ನಿಮ್ಮ ಎಂಜಲು, ನೀವೇ ಇಟ್ಟುಕೊಳ್ಳಿ."

ಇಟ್ಟುಕೊಂಡ. ಅಂಗಿಯ ಕಿಸೆಯಲ್ಲಿ ಅದರ ಭಾರವಿಲ್ಲದೆ ಮನೆ ಬಿಟ್ಟು ಹೊರಡಲು ಅವನಿಗೆ ಬರುತ್ತಿರಲಿಲ್ಲ.

ಮೂಡುಬಿದಿರೆಯ ಪ್ರಭಾಚಂದ್ರರ ಮೊಮ್ಮಗಳು ತ್ರಿಶಾಳ ಮದುವೆ ಬಂತು. ಹಳೆಯ ಜೈನ ಮನೆತನ, ಪೇಟೆಯಲ್ಲಿ ವ್ಯಾಪಾರ. ಗೋಧೂಳಿ ಮುಹೂರ್ತವಾದರೂ ಊಟ ಅದಕ್ಕೆ ಮುಂಚೆಯೇ ಮುಗಿಯಬೇಕು. ಹೊತ್ತು ಮುಳುಗಿದ ಮೇಲೆ ಎಲೆ ಹಾಕುವ ಮನೆಯಲ್ಲ ಅದು. ಹಾಗಾಗಿ ಗಂಡಿನ ದಿಬ್ಬಣ ಬಿಸಿಲಿರುವಾಗಲೇ ಚಪ್ಪರ ಸೇರಬೇಕು, ಬ್ಯಾಂಡು ತಡ ಮಾಡಿದರೆ ಊಟವೇ ತಡ. ಬ್ಯಾಂಡು ಗೊತ್ತುಮಾಡುವಾಗಲೇ ಪ್ರಭಾಚಂದ್ರರು ಧರ್ಣಪ್ಪನಿಗೆ ಹೇಳಿದ್ದರು: "ಕಿರಿಮಗಳ ಮದುವೆಗೆ ಊದಿದನಲ್ಲ, ಆ ಕಮಲಾಕ್ಷ ಇರ್ಬೇಕು." ಧರ್ಣಪ್ಪ "ಇರ್ತಾನೆ ಧನಿಗಳೇ" ಎಂದಿದ್ದ. ತಾಳ ಹಿಡಿದು ಇರುತ್ತಾನೆ ಎಂದು ಹೇಳಿರಲಿಲ್ಲ.

ದಾರಿಯಲ್ಲಿ ಸಿದ್ದಕಟ್ಟೆಯ ಹೋಟೆಲಿನಲ್ಲಿ ಟೆಂಪೋ ನಿಂತಿತು. ಸುಧಾಕರ ಶುಚಿಯ ಮನುಷ್ಯ. ಕೈತೊಳೆಯುವ ನಳ್ಳಿಯಲ್ಲಿ ತನ್ನ ಮೌತ್‌ಪೀಸನ್ನು ತೊಳೆದು, ಒಣಗಲೆಂದು ಕಟ್ಟೆಯ ಮೇಲೆ ಕವುಚಿಟ್ಟು, ಗೋಳಿಬಜೆ ತಿನ್ನಲು ಹೋದ. ಅದು ನೆನಪಾದದ್ದು ಮೂಡುಬಿದಿರೆಯಲ್ಲಿ, ದಿಬ್ಬಣದ ಕಾರುಗಳು ಬಂದು ನಿಂತ ಮೇಲೆ.

"ಸಿದ್ದಕಟ್ಟೆಯಲ್ಲಿ ಬಾಕಿ ಆಯ್ತು!" ಅವನು ಕಿಸೆಗಳನ್ನೆಲ್ಲ ಹೊರಗೆ ಎಳೆದು ತೋರಿಸಿದ.

ಧರ್ಣಪ್ಪ ತಲೆ ಹಿಡಿದುಕೊಂಡ. ಆಗ ಎಲ್ಲರ ಕಣ್ಣೂ ಒಂದೇ ಸಲ ಕಮಲಾಕ್ಷನ ಕಿಸೆಗೆ ಹೋದವು. ಅಲ್ಲಿ ಅದು ಉಬ್ಬಿ ಕಾಣುತ್ತಿತ್ತು. ಸುಧಾಕರ ಒಂದು ಹೆಜ್ಜೆ ಹಿಂದೆ ಸರಿದ.

"ನನ್ನಿಂದ ಆಗ್ಲಿಕ್ಕಿಲ್ಲ."

"ಆಗ್ಲಿಕ್ಕಿಲ್ಲ ಅಂದ್ರೆ?" ಧರ್ಣಪ್ಪ ಹಲ್ಲು ಕಚ್ಚಿದ. "ಮದುಮಗನ ಎದುರು ಬಾಯಿಂದ ಪೀಪೀ ಅಂತೀಯಾ? ತೊಳೆದು ಇಡು ಬಾಯಿಗೆ!"

ಒಂದು ಸೋಡದ ಬಾಟ್ಲಿ ಪೂರ್ತಿ ಅದರ ಮೇಲೆ ಸುರಿದಾಯಿತು. ಅಂಗಿಯ ತುದಿಯಲ್ಲಿ ಉಜ್ಜಿ ಉಜ್ಜಿ ಒರೆಸಿದ ಸುಧಾಕರ ಕಷಾಯ ಕುಡಿಯುವವನ ಮುಖ ಮಾಡಿ ತುಟಿಗಿಟ್ಟು ಊದಿದ.

ಕಂಬಳಿಯೊಳಗಿನ ಅದೇ ಕೂಗು.

ಮತ್ತೆ ಊದಿದ. ಕೆನ್ನೆ ಉಬ್ಬಿತು, ಕುತ್ತಿಗೆಯ ನರ ಎದ್ದಿತು, ಮೇಲಿನ ಸ್ವರ ಚಿರ್ರೆಂದು ಹರಿಯಿತು. ಅವನು ಟ್ರಂಪೆಟ್ಟನ್ನು ಬಾಯಿಂದ ಕಿತ್ತು ಕಣ್ಣು ಅಗಲಿಸಿ ಕಮಲಾಕ್ಷನನ್ನು ನೋಡಿದ. "ಅಯ್ಯೋ ದೇವರೇ, ನನಗೂ ಬಂತು! ನಿಮ್ಮ ಕಾಯಿಲೆ ಎಂಜಲಿನಲ್ಲಿ ನನಗೂ ಬಂತಲ್ಲ ಮಾರಾಯ್ರೆ!" ಎಂದು ಥೂ ಥೂ ಎಂದು ಉಗುಳುತ್ತ ಅಲ್ಲೇ ರಸ್ತೆ ಬದಿಯಲ್ಲಿ ಕುಕ್ಕರಿಸಿದ.

ಡೋಲಿನವರು ಗೊಳ್ಳೆಂದು ನಕ್ಕರು. ಕಮಲಾಕ್ಷ ನಗಲಿಲ್ಲ. ಅವನ ಕೈಯ ತಾಳ ಜಾರಿ ಝಣ್ಣೆಂದು ಕೆಳಗೆ ಬಿತ್ತು. ಅದೇ ಟ್ರಂಪೆಟ್ಟು, ಬೇರೆ ಎದೆ, ಬೇರೆ ತುಟಿ, ಬೇರೆ ಹಲ್ಲು, ಡೆಂಗಿ ಬಾರದ ಮನುಷ್ಯ. ಸ್ವರ ಮಾತ್ರ ತನ್ನದೇ!

"ಕೊಡು ಇಲ್ಲಿ" ಎಂದ. ಮೌತ್‌ಪೀಸನ್ನು ಕಿತ್ತು ಬಿಸಿಲಿಗೆ ಹಿಡಿದ. ಬೆಳಕು ಕಂಡಿತು. "ನಿನ್ನದರ ತೂತಿಗೆ ಬೆಂಕಿಕಡ್ಡಿ ಹೋಗ್ತದಾ?"

"ಹೋಗ್ತದೆ. ಕಡ್ಡಿಗೆ ಬಟ್ಟೆ ಸುತ್ತಿ ಅಲ್ವಾ ನಾನು ಒರೆಸುವುದು" ಎಂದ ಸುಧಾಕರ, ಇನ್ನೂ ತುಟಿ ಉಜ್ಜುತ್ತ.

ತಾಸೆಯವನ ಕೈಯಿಂದ ಬೆಂಕಿಪೆಟ್ಟಿಗೆ ಕಸಿದು ಕಮಲಾಕ್ಷ ಒಂದು ಕಡ್ಡಿಯನ್ನು ಬಟ್ಟಲಿನೊಳಗೆ ಇಳಿಸಿದ. ಕಡ್ಡಿ ಕುತ್ತಿಗೆಯಲ್ಲಿ ಸಿಕ್ಕಿ ನಿಂತಿತು. ಒತ್ತಿದ, ಮುರಿಯಿತು. ಕಡ್ಡಿಯ ತುದಿ ತಾಗಿದಲ್ಲಿ ಬೆಳ್ಳಗಿನ ಗೀರು. ಜಗಲಿಯ ಚಾಪೆ, ಅಂಗಳದಲ್ಲಿ ಕಲಾಯಿಯವನ ತಿದಿ, ತಾನು ಹೇಳಿದ "ಒಳ್ಳೆಯದೇ" ಎಂಬ ಮಾತು, ಎಲ್ಲ ಒಟ್ಟಿಗೆ ಅವನ ತಲೆಗೆ ನುಗ್ಗಿದವು.

ತಾಸೆಯ ಚರ್ಮ ಬಿಗಿಯಾಗಲೆಂದು ರಸ್ತೆ ಬದಿಯಲ್ಲಿ ತೆಂಗಿನ ಗೆರಟೆಯ ಬೆಂಕಿ ಹಾಕಿ ಕಾಯಿಸುವುದು ವಾಡಿಕೆ. ಆ ಕೆಂಡ ಇನ್ನೂ ನಿಗಿನಿಗಿ ಎನ್ನುತ್ತಿತ್ತು. ಕಮಲಾಕ್ಷ ಅದರೊಳಗೆ ಮೌತ್‌ಪೀಸನ್ನು ಹುಗಿದ. "ಹುಚ್ಚು ಹಿಡಿಯಿತಾ?" ಎಂದು ಧರ್ಣಪ್ಪ ಕೂಗಿದ. ಕಮಲಾಕ್ಷ ಬಾಗಿ ಕೆಂಡ ಊದಿದ. ಚಪ್ಪರ ಕಟ್ಟಲು ತಂದ ತಂತಿಯ ತುಂಡಿನಲ್ಲಿ ಅದನ್ನು ಎತ್ತಿ ಕಲ್ಲಿಗೆ ಕುಟ್ಟಿದ. ಒಂದು ಹನಿ ಬಿತ್ತು. ಇನ್ನೊಂದು. ಬೆಳ್ಳಗೆ, ಮಣಿಯಷ್ಟು ದೊಡ್ಡದು. ಬಿದ್ದಲ್ಲೇ ಹೆಪ್ಪುಗಟ್ಟಿತು. ಗೋಣಿಯ ತುಂಡಿನಿಂದ ಒಳಗೆ ಹೊರಗೆ ಒರೆಸಿ ಬಕೆಟ್ಟಿನ ನೀರಿಗೆ ಹಾಕಿದಾಗ ಚುಂಯ್ ಎಂದಿತು. ಹೊರಗೆ ತೆಗೆದಾಗ ಅದು ಮತ್ತೆ ಹಳದಿ, ಕುರೂಪಿ, ಮಸಿ ಹಿಡಿದ ಹಳೆಯ ಪಿತ್ತಾಳೆ.

ಸುಧಾಕರ ತಾನಾಗಿಯೇ ಎದ್ದು ಟ್ರಂಪೆಟ್ಟನ್ನು ಅವನ ಕೈಗಿಟ್ಟ.

ಕಮಲಾಕ್ಷ ಊದಿದ. ಗಾಳಿ ಹೋಯಿತು, ಎಲ್ಲೂ ತಡೆಯಲಿಲ್ಲ. ಸ್ವರ ಹಣ್ಣಾಗಿ, ಅಗಲವಾಗಿ, ಬೀದಿಯ ಎರಡೂ ಬದಿಗೆ ತುಂಬಿಕೊಂಡು ಹೊರಟಿತು. ಅಂಚಿನಲ್ಲಿ ಉಳಿದ ತವರದ ತರಿ ತುಟಿಯನ್ನು ಕೊರೆದು ರಕ್ತ ಬಂತು. ಅವನಿಗೆ ಅದು ಗೊತ್ತಾದದ್ದು ದಿಬ್ಬಣ ಚಪ್ಪರ ಸೇರಿದ ಮೇಲೆ, ಪ್ರಭಾಚಂದ್ರರು ಬಾಗಿಲಿಗೆ ಬಂದು "ಇದು ನೋಡಿ ಸ್ವರ! ಇಷ್ಟು ದಿನ ಎಲ್ಲಿಗೆ ಹೋಗಿತ್ತು ಮಾರಾಯ?" ಎಂದು ಕೇಳಿದಾಗ.

ಮರಳುವಾಗ ಟೆಂಪೋದಲ್ಲಿ ನಗೆಯೇ ನಗೆ. "ನನಗೂ ಬಂತು!" ಎಂದು ಒಬ್ಬ ಅಣಕಿಸಿದರೆ ಉಳಿದವರು "ಥೂ ಥೂ!" ಎಂದರು. ಸುಧಾಕರನೂ ನಕ್ಕ. "ಟ್ರಂಪೆಟ್ಟು ವಾಪಸ್ ತೆಗೊಳ್ಳಿ ಕಮಲಾಕ್ಷಣ್ಣ. ನಿಮ್ಮ ಎದುರು ಅದನ್ನು ಊದ್ಲಿಕ್ಕೆ ನನಗೆ ನಾಚಿಕೆ" ಎಂದ. ಕಮಲಾಕ್ಷನ ಎದೆ ಹಗುರಾಗಿತ್ತು. ಆಗ ಮುಂದಿನ ಸೀಟಿನಿಂದ ಧರ್ಣಪ್ಪ ಒಂದು ಮಾತು ಹೇಳಿದ. ಸಂತೋಷದಲ್ಲೇ ಹೇಳಿದ.

"ಡೊಂಬಯ್ಯನ ಹಾಗೆ ಆಗ್ಲಿಲ್ಲ ನಿನಗೆ, ಅದೇ ಪುಣ್ಯ."

ಕಮಲಾಕ್ಷನ ನಗು ಮುಖದಲ್ಲೇ ನಿಂತುಹೋಯಿತು. ಡೊಂಬಯ್ಯ. ಬ್ಯಾಂಡು ಬಿಡುವ ವರ್ಷ ಒಂದು ಹಾಡು ಮುಗಿಸಲು ಆಗದೆ ಏದುಸಿರು ಬಿಡುತ್ತಿದ್ದವನು. ಅದೇ ವರ್ಷ ಡಿಜೆ ಪೆಟ್ಟಿಗೆಗಳು ಊರಿಗೆ ಬಂದಿದ್ದವು. ಮೊದಲ ಟ್ರಂಪೆಟ್ಟು ಇನ್ನೂ ಜೋರಾಗಿ ಕೇಳಬೇಕೆಂದು ಧರ್ಣಪ್ಪ ಡೊಂಬಯ್ಯನ ಮೌತ್‌ಪೀಸನ್ನು ಲೇತ್ ಅಂಗಡಿಗೆ ಕೊಟ್ಟು ತೂತು ದೊಡ್ಡದು ಮಾಡಿಸಿದ್ದ. ತೂತು ದೊಡ್ಡದಾದರೆ ಸ್ವರ ದೊಡ್ಡದು, ಯಾರಿಗೂ ಅದರಲ್ಲಿ ಸಂಶಯವಿರಲಿಲ್ಲ, ಡೊಂಬಯ್ಯನಿಗೂ. ತುಂಬಿಸಲು ಆಗದಿದ್ದರೆ ಎದೆ ಸಣ್ಣದಾಯಿತೆಂದೇ ಅರ್ಥ. ಆಗ ಅವನ ಹತ್ತಿರ ಹೋಗಿ "ಡೊಂಬಯ್ಯಣ್ಣ, ಗಾಳಿ ಸಾಲುವುದಿಲ್ಲ ನಿಮಗೆ, ಇನ್ನು ವಿಶ್ರಾಂತಿ ತೆಗೊಳ್ಳಿ" ಎಂದು ಮೆತ್ತಗೆ ಹೇಳಿ ಆ ಜಾಗದಲ್ಲಿ ನಿಂತವನು ಇದೇ ಕಮಲಾಕ್ಷ.

ಮರುದಿನ ಬೆಳಿಗ್ಗೆ ಅವನು ಟ್ರಂಪೆಟ್ಟು ಹಿಡಿದು ಬೆಳ್ತಂಗಡಿಯ ಬಸ್ ಹತ್ತಿದ. ಗುರುವಾಯನಕೆರೆ ದಾಟುವಾಗ ಇಳಿದು ತಿರುಗಿ ಹೋಗುವ ಮನಸ್ಸಾಯಿತು. ಇಳಿಯಲಿಲ್ಲ.

ಲಾಯಿಲದಲ್ಲಿ ಡೊಂಬಯ್ಯನ ಮಗಳು ಕಾಂತಿಯ ಹೊಲಿಗೆ ಅಂಗಡಿ, ಹಿಂದೆಯೇ ಮನೆ. ಡೊಂಬಯ್ಯ ಅಂಗಡಿಯ ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ, ಎದೆಗೆ ಮಫ್ಲರ್ ಸುತ್ತಿಕೊಂಡು. ಮುಂದಿನ ಹಲ್ಲುಗಳಿರಲಿಲ್ಲ.

"ಓ, ಕಮಲಾಕ್ಷ! ಕೂತುಕೋ ಮಾರಾಯ" ಎಂದ ಡೊಂಬಯ್ಯ.

"ದಾರಿ ಈಗ ನೆನಪಾಯ್ತಾ?" ಎಂದಳು ಕಾಂತಿ, ಯಂತ್ರ ನಿಲ್ಲಿಸದೆ. "ಅಪ್ಪನನ್ನು ಹೆಚ್ಚು ಮಾತಾಡಿಸ್ಬೇಡಿ. ಉಸಿರು ಕಟ್ತದೆ. ಈ ಕುರ್ಚಿಯಿಂದ ಮಂಚಕ್ಕೆ, ಮಂಚದಿಂದ ಕುರ್ಚಿಗೆ."

"ಡಾಕ್ಟರು ಎಂತ ಹೇಳಿದ್ರು?"

"ಡಾಕ್ಟರಿಗೆ ಎಂತ ಗೊತ್ತು!" ಡೊಂಬಯ್ಯ ಕೈ ಕೊಡವಿದ. "ಎಂತದೂ ಇಲ್ಲ, ನಡೆಯಿರಿ ಅಂತಾರೆ. ನನ್ನ ಎದೆ ನನಗೆ ಗೊತ್ತಿಲ್ವಾ? ಒಂದು ಟ್ರಂಪೆಟ್ಟು ತುಂಬಿಸ್ಲಿಕ್ಕಾಗದ ಎದೆ, ಗುಡ್ಡ ಹತ್ತಲಿಕ್ಕಾಗ್ತದಾ?"

ಡಾಕ್ಟರು ಇಲ್ಲ ಎಂದರು, ಬ್ಯಾಂಡಿನವರು ಉಂಟು ಎಂದರು. ಅವನು ನಂಬಿದ್ದು ಬ್ಯಾಂಡಿನವರನ್ನು.

ಮೌತ್‌ಪೀಸು ಎಲ್ಲಿ ಎಂದು ಕಮಲಾಕ್ಷ ಕೇಳಿದ. ಕಾಂತಿ ಮೇಜಿನಿಂದಲೇ ಎತ್ತಿಕೊಟ್ಟಳು. ಬಟ್ಟೆ ಕತ್ತರಿಸುವಾಗ ಹಾರದಂತೆ ಕಾಗದದ ಮೇಲೆ ಭಾರಕ್ಕಿಡುತ್ತಿದ್ದುದು ಅದನ್ನೇ.

"ತೊಳೆದು ಕೊಡ್ಲಾ?"

"ಬೇಡ."

ಕಿಸೆಯಿಂದ ಬೆಂಕಿಕಡ್ಡಿ ತೆಗೆದ. ಒಂದು ಕಡ್ಡಿ ಸೀದಾ ಜಾರಿ ಅಂಗೈಗೆ ಬಿತ್ತು. ಎರಡು ಕಡ್ಡಿ ಜೋಡಿಸಿ ಹಾಕಿದ. ಎರಡೂ ಬಿದ್ದವು. ಮೌತ್‌ಪೀಸನ್ನು ಟ್ರಂಪೆಟ್ಟಿಗೆ ಸಿಕ್ಕಿಸಿ ತುಟಿಗಿಟ್ಟು ಊದಿದ. ಸ್ವರ ದೊಡ್ಡದಾಗಿಯೇ ಎದ್ದಿತು. ಆದರೆ ಎದೆಯಲ್ಲಿದ್ದ ಗಾಳಿಯೆಲ್ಲ ತಳವಿಲ್ಲದ ಕೊಡಕ್ಕೆ ನೀರು ಸುರಿದ ಹಾಗೆ ಒಂದೇ ಸಲಕ್ಕೆ ಖಾಲಿಯಾಯಿತು. ಹಿಡಿದು ನಿಲ್ಲಿಸಲು ಅಲ್ಲಿ ಏನೂ ಇಲ್ಲ. ಮತ್ತೆ ಉಸಿರೆಳೆದ, ಮತ್ತೆ ಖಾಲಿ. ಹಾಡಿನ ಅರ್ಧಕ್ಕೆ ಬರುವಾಗ ಕಣ್ಣು ಕತ್ತಲೆ ಬಂದು ಮೇಜು ಹಿಡಿದುಕೊಂಡ. ನಿನ್ನೆ ಇಡೀ ಬೀದಿ ಊದುತ್ತ ನಡೆದವನು ನಾಯಿಯ ಹಾಗೆ ಏದುಸಿರು ಬಿಡುತ್ತಿದ್ದ.

ಯಂತ್ರ ನಿಂತಿತು.

"ನಿನಗೂ ಹಾಗೇ ಆಗ್ತದಾ?" ಎಂದ ಡೊಂಬಯ್ಯ.

"ಯಾರು ಊದಿದ್ರೂ ಹಾಗೇ, ಡೊಂಬಯ್ಯಣ್ಣ. ತೂತು ಕೊರೆದದ್ದು ಹೆಚ್ಚಾಗಿದೆ. ನಾವು ಯಾರೂ ಬಾಯಿಗಿಟ್ಟು ನೋಡ್ಲಿಲ್ಲ." ಆ ಮಾತು ಸಾಲದೆಂದು ಅವನಿಗೇ ಅನಿಸಿತು. "ನಾನೂ ನೋಡ್ಲಿಲ್ಲ."

ಕಾಂತಿ ಕತ್ತರಿಯನ್ನು ಮೇಜಿಗೆ ಕುಕ್ಕಿದಳು. "ಬಾಯಿಗಿಡ್ಲಿಕ್ಕೆ ಅಸಹ್ಯ. ಜಾಗಕ್ಕೆ ಬಂದು ನಿಲ್ಲಲಿಕ್ಕೆ ಅಸಹ್ಯ ಆಗ್ಲಿಲ್ಲ ಅಲ್ವಾ?"

ಡೊಂಬಯ್ಯನಿಗೆ ಅದು ಕೇಳಿಸಲೇ ಇಲ್ಲವೇನೋ. ಅವನ ಕೈ ಮಫ್ಲರಿನ ಮೇಲೆ, ಎದೆಯ ಮೇಲೆ ಹೋಗಿ ಕೂತಿತ್ತು. ಸಣ್ಣ ಮಗುವಿನ ಬೆರಗಿನಲ್ಲಿ ಕೇಳಿದ:

"ಹಾಗಾದ್ರೆ ನನ್ನ ಎದೆಗೆ ಎಂತದೂ ಆಗಿರ್ಲಿಲ್ವಾ?"

ಕಮಲಾಕ್ಷ ಮೌತ್‌ಪೀಸನ್ನು ಕಿತ್ತು ಮೇಜಿನ ಮೇಲಿಟ್ಟ.

ಡೊಂಬಯ್ಯ ಎದ್ದ. ಮಫ್ಲರ್ ಬಿಚ್ಚಿ ಕುರ್ಚಿಯ ಮೇಲೆ ಹಾಕಿದ. "ಅಪ್ಪ, ಎಲ್ಲಿಗೆ?" ಎಂದು ಕಾಂತಿ ಗಾಬರಿಯಾದಳು. ಅವನು ಅಂಗಡಿ ಇಳಿದು ರಸ್ತೆ ದಾಟಿ ಎದುರಿನ ಗುಡ್ಡದ ಕಾಲುದಾರಿ ಹಿಡಿದ. ಕಮಲಾಕ್ಷ ಹಿಂದೆಯೇ ಓಡಿದ, ಬಿದ್ದರೆ ಹಿಡಿಯಲೆಂದು ಕೈ ಚಾಚಿಕೊಂಡು. ಮುದುಕ ಬೀಳಲಿಲ್ಲ. ಅಲ್ಲಲ್ಲಿ ನಿಂತ, ಗಿಡ ಹಿಡಿದ, ಮತ್ತೆ ಹತ್ತಿದ. ತುದಿಗೆ ಮುಟ್ಟಿ ಮುರಕಲ್ಲಿನ ಮೇಲೆ ನಿಂತು ಕೆಳಗಿನ ರಸ್ತೆ, ಅಂಗಡಿ, ಬಾಗಿಲಲ್ಲಿ ಬಾಯಿಗೆ ಸೆರಗು ಒತ್ತಿ ನಿಂತ ಮಗಳು, ಎಲ್ಲವನ್ನೂ ನೋಡಿದ. ಏದುಸಿರು ಇತ್ತು. ಎಪ್ಪತ್ತು ದಾಟಿದವನಿಗೆ ಇರಬೇಕಾದಷ್ಟೇ ಇತ್ತು.

ತಿರುಗಿ ಕಮಲಾಕ್ಷನ ಮುಖ ನೋಡಿದ. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಕಮಲಾಕ್ಷ ಹೇಗೋ ತಾಳಿಕೊಳ್ಳುತ್ತಿದ್ದ.

"ಇಷ್ಟು ವರ್ಷ ನಾನು ಇಲ್ಲಿಗೆ ಹತ್ತಲೇ ಇಲ್ಲವಲ್ಲ ಮಾರಾಯ" ಎಂದ ಡೊಂಬಯ್ಯ.